ಹನ್ನೆರಡು ಸಾವಿರ ಕಾಯಿಯ ಅಟ್ಟ

ತುರುವೇಕೆರೆ
12 ಜುಲೈ 1999

ಬಿಳಿಗೆರೆಯ ಬೀಗರಾದ ತೋಂಟದಾರ್ಯನವರಿಗೆ ಕರಿಬಸವಯ್ಯನ ಶರಣು.

ಮೊದಲು ನಿಮ್ಮ ಮಗಳ ಸುದ್ದಿ. ಇಂಪನಾ ಚೆನ್ನಾಗಿದ್ದಾಳೆ. ಶಾಲೆಯಲ್ಲಿ ಈ ವರ್ಷ ಅವಳಿಗೆ ಏಳನೇ ತರಗತಿಗೆ ಗಣಿತ ಪಾಠ ಮಾಡಲು ಕೊಟ್ಟಿದ್ದಾರೆ. ಅದೇ ಜೋರಿನಲ್ಲಿ ಮನೆಗೆ ಬಂದು ನನ್ನ ಹಾಲಿನ ಲೆಕ್ಕದಲ್ಲೂ ತಪ್ಪು ಹುಡುಕುತ್ತಾಳೆ. ನಮ್ಮ ಜ್ಞಾನೇಶನಿಗೆ ನೆಗಡಿ. ನಿಮ್ಮ ಅಳಿಯನ ಬಗ್ಗೆ ಇದಕ್ಕಿಂತ ಹೆಚ್ಚಿನ ಸುದ್ದಿ ಇಲ್ಲ.

ಈಗ ನನ್ನ ವಿಷಯ. ಹೆಡ್‌ಮಾಸ್ಟರ್ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತರೆ ಎಲ್ಲರಿಗೂ ಅಡ್ಡವಾಗುತ್ತೇನೆಂದು ಒಂದು ವಿಮಾ ಕಂಪನಿಯ ಏಜೆಂಟ್ ಆಗಿದ್ದೇನೆ. ಜೀವವಿಮೆಯಲ್ಲ, ಗಾಬರಿಯಾಗಬೇಡಿ. ಮನೆಯ ವಿಮೆ. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟಿದರೆ, ಬೆಂಕಿಗೋ ಗಾಳಿಮಳೆಗೋ ಮನೆ ಹಾಳಾದಾಗ ಕಂಪನಿ ನಷ್ಟ ತುಂಬಿಕೊಡುತ್ತದೆ. ಡಿಸೆಂಬರ್ ಒಳಗೆ ಹತ್ತು ಮನೆ ಮಾಡಿಸದಿದ್ದರೆ ನನ್ನ ಏಜೆನ್ಸಿ ಹೋಗುತ್ತದೆ. ಒಂಬತ್ತು ಆಗಿದೆ. ಹತ್ತನೆಯದು ಬೀಗರ ಮನೆಯೇ ಆಗಲಿ ಎಂಬ ಆಸೆ ನನ್ನದು.

ಪ್ರೀಮಿಯಂ ಎಲ್ಲ ಮನೆಗೂ ಒಂದೇ ಅಲ್ಲ. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಸೂರು ಹೆಂಚಿನದೋ ತಾರಸಿಯೋ, ವೈರಿಂಗ್ ಎಷ್ಟು ಹಳೆಯದು, ಸೌದೆ ಒಲೆ ಎಲ್ಲಿದೆ, ಬಣವೆ ಎಷ್ಟು ದೂರ, ಮನೆಯ ಮೇಲೆ ಬಾಗಿದ ಮರವುಂಟೋ, ಫೈರ್ ಎಂಜಿನ್ ಬಂದು ಮುಟ್ಟಲು ಎಷ್ಟು ಹೊತ್ತು, ಇವನ್ನೆಲ್ಲ ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ನೋಡುವುದು ಒಳಗೆ ಏನಿದೆ ಎಂಬುದನ್ನು. ನಮ್ಮ ಕಡೆ ಕೊಬ್ಬರಿಗೆಂದು ಸಿಪ್ಪೆ ಸಮೇತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸುತ್ತೇವಲ್ಲ, ಕಂಪನಿಯವರ ಕಣ್ಣಿಗೆ ಅದು ತಲೆಯ ಮೇಲಿನ ಸೌದೆ ರಾಶಿ. ಕಾಯಿ ಹೆಚ್ಚಿದಷ್ಟೂ ಪ್ರೀಮಿಯಂ ಏರುತ್ತದೆ.

ಫಾರಂ ಜೊತೆಗಿಟ್ಟಿದ್ದೇನೆ. ಕಾಯಿಯ ಕಾಲಂ ಹತ್ತಿರ ಬಂದಾಗ ಅವಸರ ಬೇಡ, ನಿಧಾನವಾಗಿ ಯೋಚಿಸಿ ಬರೆಯಿರಿ.

ನಿಮ್ಮ
ಕರಿಬಸವಯ್ಯ

*

ಬಿಳಿಗೆರೆ
20 ಜುಲೈ 1999

ಮಾನ್ಯ ಬೀಗರಿಗೆ ತೋಂಟದಾರ್ಯನ ಶರಣಾರ್ಥಿ.

ಹೆಣ್ಣು ಕೊಟ್ಟ ಮೇಲೆ ಒಂದು ಫಾರಂ ತುಂಬಿಕೊಡುವುದು ದೊಡ್ಡದೇ? ತುಂಬಿದ್ದೇನೆ. ಆದರೆ ಕೆಲವು ಪ್ರಶ್ನೆಗಳನ್ನು ಓದಿ ನನಗೆ ಬೇಸರವಾಗಿದೆ.

ಗೋಡೆ ಮಣ್ಣಿನದು, ಎರಡು ಮೊಳ ದಪ್ಪ, ನಮ್ಮ ತಾತ ಹಾಕಿಸಿದ್ದು. ಅದಕ್ಕೆ ಇಟ್ಟಿಗೆ ಗೋಡೆಗಿಂತ ಹೆಚ್ಚು ಪ್ರೀಮಿಯಂ ಏಕೆ? ನಿಮ್ಮ ಮ್ಯಾನೇಜರರನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಒಂದು ಗಂಟೆ ಮಲಗಿಸಿ ಎಬ್ಬಿಸಿ. ಆಮೇಲೆ ಮಾತಾಡೋಣ.

ವೈರಿಂಗ್, ನಮ್ಮಾಕೆ ಗಿರಿಜಾಂಬಿಕಾ ಈ ಮನೆಗೆ ಸೊಸೆಯಾಗಿ ಬಂದ ವರ್ಷದ್ದು. ಆಗಾಗ ಕಿಡಿ ಹಾರುತ್ತದೆ. ವೈರಿಂಗ್ ವಿಷಯ ಹೇಳುತ್ತಿದ್ದೇನೆ.

ಒಲೆ ಅಟ್ಟದ ಕೆಳಗೇ ಇದೆ. ಹೊಗೆ ಮೇಲೆ ಹೋಗದಿದ್ದರೆ ಕಾಯಿ ಒಣಗುವುದು ಹೇಗೆ, ಹುಳ ಬೀಳದಿರುವುದು ಹೇಗೆ? ಮನೆಯ ಅಕ್ಕಪಕ್ಕ ತೆಂಗಿನ ಮರ ಇದೆಯೇ ಎಂದು ಬಿಳಿಗೆರೆಯವನನ್ನು ಕೇಳಿದ್ದಾರೆ. ಇಲ್ಲಿ ತೆಂಗಿನ ಮರ ಇಲ್ಲದ ಜಾಗ ಬೇಕಾದರೆ ಕೆರೆಯ ನಡುನೀರಿಗೆ ಹೋಗಬೇಕು. ಹಾಗೆಂದೇ ಬರೆದಿದ್ದೇನೆ.

'ಮನೆಯಲ್ಲಿರುವ ಬೆಲೆಬಾಳುವ ವಸ್ತುಗಳು' ಎಂಬಲ್ಲಿ ಏನು ಬರೆಯಬೇಕೋ ತೋಚಲಿಲ್ಲ. ಖಾಲಿ ಬಿಟ್ಟಿದ್ದೇನೆ.

ಅಟ್ಟದ ಮೇಲಿನ ಕಾಯಿ ಹನ್ನೆರಡು ಸಾವಿರ. ನಾಲ್ಕು ವರ್ಷದ ಹಿಂದೆ ಮದುವೆ ಮಾತುಕತೆಯ ದಿನ ನಿಮಗೆ ಹೇಳಿದ್ದೂ ಅಷ್ಟೇ, ಇವತ್ತಿಗೂ ಅಷ್ಟೇ. ಇದರಲ್ಲಿ ನಿಧಾನವಾಗಿ ಯೋಚಿಸುವಂಥದ್ದು ಏನೂ ಇಲ್ಲ.

ಇಂತಿ
ಬಿ. ತೋಂಟದಾರ್ಯ

*

ಬಿಳಿಗೆರೆ
21 ಜುಲೈ 1999

ಚಿ. ಇಂಪನಾಗೆ ಅಪ್ಪಾಜಿಯ ಆಶೀರ್ವಾದ.

ಮನೆಯ ವಿಳಾಸಕ್ಕೆ ಹಾಕದೆ ಶಾಲೆಗೆ ಹಾಕಿದ್ದೇನೆಂದರೆ ನೀನೇ ಅರ್ಥ ಮಾಡಿಕೊ. ಓದಿ ಹರಿದುಹಾಕು. ಸ್ಟಾಫ್ ರೂಮಿನಲ್ಲಿ ಓದಬೇಡ.

ನಿನ್ನ ಮಾವನವರ ಫಾರಂನಲ್ಲಿ ಹನ್ನೆರಡು ಸಾವಿರ ಕಾಯಿ ಎಂದು ಬರೆದು ಕಳಿಸಿದ್ದೇನೆ. ನಮ್ಮ ಅಟ್ಟಕ್ಕೆ ಐದು ಸಾವಿರದ ಮೇಲೆ ಯಾವತ್ತೂ ಬಿದ್ದಿಲ್ಲವೆಂದು ನಿನಗೆ ಗೊತ್ತೇ ಇದೆ. ಎಂಟನೇ ಕ್ಲಾಸಿನಿಂದ ಅಟ್ಟ ಹತ್ತಿ ಎಣಿಸುತ್ತಿದ್ದವಳು ನೀನೇ ಅಲ್ಲವೇ.

ಮಾತುಕತೆಯ ದಿನ ಆದದ್ದು ಇಷ್ಟು. ನಿನ್ನ ಮಾವನವರು ಚಾಪೆಯ ಮೇಲೆ ಕೂತು, "ನಮ್ಮದು ತಾರಸಿ ಮನೆ" ಎಂದರು. ಅವರು ಹೆಡ್‌ಮಾಸ್ಟರು, ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು. ನಾನೂ ಏನಾದರೂ ಹೇಳಬೇಕಲ್ಲ? "ನಮ್ಮ ಅಟ್ಟಕ್ಕೆ ಹನ್ನೆರಡು ಸಾವಿರ ಬೀಳುತ್ತೆ" ಎಂದುಬಿಟ್ಟೆ. ಒಬ್ಬರ ಅಟ್ಟವನ್ನು ಇನ್ನೊಬ್ಬರು ಹತ್ತಿ ಎಣಿಸುವುದು ನಮ್ಮ ಕಡೆ ಮರ್ಯಾದೆಯಲ್ಲ. ಯಜಮಾನ ಹೇಳಿದ್ದೇ ಲೆಕ್ಕ. ಆ ಧೈರ್ಯದ ಮೇಲೆ ಹೇಳಿದ್ದು. ಒಂದು ದಿನ ಅದನ್ನು ಫಾರಂನಲ್ಲಿ ಬರೆದು ಸಹಿ ಹಾಕಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ಐದು ಎಂದರೆ ಸುಳ್ಳುಗಾರನ ಮಗಳು ಎಂಬ ಹೆಸರು ನಿನಗೆ ಬರುತ್ತದೆ. ಆ ಮನೆಯಲ್ಲಿ ನೀನು ತಲೆ ಎತ್ತಿಕೊಂಡು ಓಡಾಡಬೇಕು ಮಗಳೇ. ಅದೊಂದೇ ನನಗೆ ಭಯ. ಏನು ಮಾಡಲಿ?

ಅಪ್ಪಾಜಿ

*

ತುರುವೇಕೆರೆ
28 ಜುಲೈ 1999

ತೀರ್ಥರೂಪ ಅಪ್ಪಾಜಿಯವರಿಗೆ ಇಂಪನಾಳ ನಮಸ್ಕಾರಗಳು.

ಪತ್ರವನ್ನು ಶಾಲೆಯ ಹುಣಸೆಮರದ ಕೆಳಗೆ ಓದಿದೆ. ಹರಿದೂ ಹಾಕಿದೆ.

ಏನು ಮಾಡಲಿ ಎಂದು ಕೇಳಿದ್ದೀರಿ. ಐದು ಸಾವಿರ ಎಂದು ಬರೆದು ಕಳಿಸಿ. ಮಾವ ಅಂಥವರಲ್ಲ. ನಾನು ಇಲ್ಲಿ ತಲೆ ಎತ್ತಿಕೊಂಡೇ ಓಡಾಡುತ್ತಿದ್ದೇನೆ, ಅಡುಗೆಮನೆಯ ಬಾಗಿಲು ಗಿಡ್ಡವಾದ್ದರಿಂದ ಅಲ್ಲಿ ಮಾತ್ರ ಬಗ್ಗುತ್ತೇನೆ.

ಇದಕ್ಕಿಂತ ಹೆಚ್ಚು ನಾನು ಬರೆಯುವ ಹಾಗಿಲ್ಲ. ದಯವಿಟ್ಟು ಐದು ಎಂದು ಬರೆಯಿರಿ. ಅಮ್ಮನಿಗೆ ಸೊಂಟದ ಎಣ್ಣೆ ಕಳಿಸಿದ್ದೇನೆ, ಕೊಡಿ.

ನಿಮ್ಮ ಮಗಳು
ಇಂಪನಾ

*

ತುರುವೇಕೆರೆ
16 ಆಗಸ್ಟ್ 1999

ಬೀಗರೇ, ಶರಣು.

ಫಾರಂ ತಲುಪಿತು. ಕೆರೆಯ ನಡುನೀರಿನ ವಿಷಯ ಓದಿ ಮನೆಮಂದಿಯೆಲ್ಲ ನಕ್ಕೆವು.

ಒಂದು ತೊಡಕು. ಆರು ಸಾವಿರ ಕಾಯಿಯವರೆಗೆ ಕಂಪನಿ ಅದನ್ನು ವಾಸದ ಮನೆ ಎನ್ನುತ್ತದೆ. ಮೇಲೆ ಹೋದರೆ ಗೋಡೌನ್. ಗೋಡೌನ್ ಆದರೆ ಪ್ರೀಮಿಯಂ ಎರಡೂವರೆ ಪಟ್ಟು. ನಿಮ್ಮಿಂದ ಅಷ್ಟು ಕಟ್ಟಿಸಲು ನನಗೆ ಮನಸ್ಸಿಲ್ಲ.

ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಚೆನ್ನಾಗಿದೆ ಎಂದು ಕೇಳಿದೆ. ನೀವು ಈ ನಡುವೆ ಒಂದು ಏಳು ಸಾವಿರ ಕಾಯಿ ಇಳಿಸಿ ಮಾರಿಬಿಟ್ಟಿರಲೂಬಹುದು. ಫಾರಂ ಬರೆಯುವ ಹೊತ್ತಿಗೆ ಅದು ಮರೆತೂ ಹೋಗಿರಬಹುದು. ಈ ವಯಸ್ಸಿನಲ್ಲಿ ಮರೆವು ಸಹಜ. ನಾನು ಮೊನ್ನೆ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದೆ. ಹಾಗೇನಾದರೂ ಆಗಿದ್ದರೆ ಒಂದು ಸಾಲು ಬರೆಯಿರಿ, ನಾನು ತಿದ್ದಿಕೊಳ್ಳುತ್ತೇನೆ.

ನಿಮ್ಮ
ಕರಿಬಸವಯ್ಯ

*

ಬಿಳಿಗೆರೆ
25 ಆಗಸ್ಟ್ 1999

ಮಾನ್ಯ ಬೀಗರಿಗೆ ಶರಣು.

ನಾನು ಒಂದು ಕಾಯಿಯನ್ನೂ ಮಾರಿಲ್ಲ. ತೋಂಟದಾರ್ಯನಿಗೆ ಮರೆವಿನ ಕಾಯಿಲೆಯೂ ಇಲ್ಲ. ಗೋಡೌನ್ ಎಂದರೆ ಗೋಡೌನ್. ಎರಡೂವರೆ ಪಟ್ಟು ಎಂದರೆ ಎರಡೂವರೆ ಪಟ್ಟು. ಇರುವ ಕಾಯಿಗೆ ಕಟ್ಟಲು ಯಾರಿಗೆ ನಾಚಿಕೆ?

ಹಾಗೆಂದು ದುಂದು ಮಾಡುವವನೂ ನಾನಲ್ಲ. ಉಳಿದ ಕಡೆ ಪ್ರೀಮಿಯಂ ಇಳಿಯಲೆಂದು ಹೊಸ ವೈರಿಂಗ್ ಹಾಕಿಸಿದೆ. ಬಣವೆಯನ್ನು ಹಿತ್ತಲಿನಿಂದ ತೋಟದ ಅಂಚಿಗೆ ಸಾಗಿಸಿದೆ. ಈಗ ಹಸುವಿಗೆ ಹುಲ್ಲು ತರಲು ನಾನೇ ದಿನಕ್ಕೆರಡು ಸಲ ನಡೆಯಬೇಕು. ಒಲೆಯನ್ನೂ ಹಿತ್ತಲಿಗೆ ಹಾಕೋಣವೆಂದು ಗಿರಿಜಾಗೆ ಹೇಳಿದೆ. "ಒಲೆ ಜೊತೆ ನಾನೂ ಹಿತ್ತಲಿಗೆ ಹೋಗ್ತೀನಿ, ನೀವು ನಿಮ್ ಪಾಲಿಸಿ ಬೇಯಿಸ್ಕಂಡು ತಿನ್ರಿ" ಎಂದಳು. ಒಲೆ ಇದ್ದಲ್ಲೇ ಇದೆ ಎಂದು ಬರೆದುಕೊಳ್ಳಿ.

ಇಂತಿ
ಬಿ. ತೋಂಟದಾರ್ಯ

*

ತುರುವೇಕೆರೆ
2 ಅಕ್ಟೋಬರ್ 1999

ಬೀಗರೇ, ಶರಣು.

ಗೋಡೌನ್ ಆದರೆ ಸರ್ವೇಯರ್ ಬಂದು ಅಟ್ಟ ಹತ್ತಿ ನೋಡಲೇಬೇಕಂತೆ. ಶ್ರೀರಂಗಯ್ಯ ಎಂಬುವರು ಈ ತಿಂಗಳ ಹದಿನಾಲ್ಕರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮಲ್ಲಿಗೆ ಬರುತ್ತಾರೆ.

ಈ ವರ್ಷ ನಮ್ಮ ಕಡೆ ಇಲಿಗಳ ಕಾಟ ವಿಪರೀತ. ನನಗೆ ಗೊತ್ತಿರುವ ಒಬ್ಬರ ಅಟ್ಟದಲ್ಲಿ ಹತ್ತಿರ ಹತ್ತಿರ ಏಳು ಸಾವಿರ ಕಾಯಿ ಇಲಿ ಪಾಲಾಯಿತು. ಅವರು ಹೇಳುವವರೆಗೆ ನನಗೂ ನಂಬಿಕೆ ಬರಲಿಲ್ಲ, ಹೇಳಿದ ಕೂಡಲೇ ನಂಬಿದೆ. ನಿಮ್ಮಲ್ಲೂ ಹಾಗೇನಾದರೂ ಆಗಿದ್ದರೆ ಹೇಳಲು ಸಂಕೋಚ ಬೇಡ. ಹದಿನಾಲ್ಕರವರೆಗೆ ಸಮಯವಿದೆ. ಖಾಲಿ ಫಾರಂ ಒಂದು ಇಟ್ಟಿದ್ದೇನೆ. ಇರಲಿ ಎಂದು ಇನ್ನೊಂದನ್ನೂ ಇಟ್ಟಿದ್ದೇನೆ.

ನಿಮ್ಮ
ಕರಿಬಸವಯ್ಯ

*

ಬಿಳಿಗೆರೆ
15 ಅಕ್ಟೋಬರ್ 1999

ಚಿ. ಇಂಪನಾಗೆ ಆಶೀರ್ವಾದ.

ನಿನ್ನೆ ನಮ್ಮ ಮನೆಯಲ್ಲಿ ಆದದ್ದನ್ನು ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳುತ್ತೇನೆ.

ಸರ್ವೇಯರ್ ಬರುತ್ತಾನೆಂದು ತಿಳಿದ ಮೇಲೆ ಪಕ್ಕದ ಮನೆಯ ಈರಣ್ಣನ ಕೈಕಾಲು ಹಿಡಿದು ಮೂರು ಸಾವಿರ ಕಾಯಿ ಕೈಬದಲು ತಂದು ಅಟ್ಟಕ್ಕೆ ಹಾಕಿಸಿದೆ. ಹಿಂದುಗಡೆ ಹುಲ್ಲು ಒಟ್ಟಿ ಅದರ ಮೇಲೆ ಒಂದು ಪದರ ಕಾಯಿ ಹರಡಿಸಿದೆ. ಮುಂದೆ ನಿಂತು ನೋಡಿದರೆ ಹನ್ನೆರಡಲ್ಲ, ಹದಿನೈದು ಸಾವಿರದಂತೆ ಕಾಣುತ್ತಿತ್ತು. ನನಗೇ ಹೆಮ್ಮೆಯಾಯಿತು.

ಆದರೆ ಈರಣ್ಣ ನಂಬಿಕೆಯ ಮನುಷ್ಯನಲ್ಲ. ತನ್ನ ಕಾಯಿಗೆಲ್ಲ ಒಂದೊಂದು ಸುಣ್ಣದ ಬೊಟ್ಟು ಇಟ್ಟೇ ಕಳಿಸಿದ್ದ. "ನಿನ್ ಕಾಯಿ ನನ್ ಕಾಯಿ ಕಲಸ್ಕೋಬಾರ್ದು ಕಣಣ್ಣ, ಆಮೇಲೆ ನಮ್ಮಿಬ್ರುಗೂ ಮಾತು ಬರ್ತದೆ" ಎಂದ.

ಶ್ರೀರಂಗಯ್ಯ ಸರಿಯಾಗಿ ಹನ್ನೊಂದಕ್ಕೆ ಬಂದರು. ಏಣಿ ಹತ್ತಿ ಮೊದಲು ಕೇಳಿದ್ದೇ, "ಸುಣ್ಣದ ಬೊಟ್ಟು ಯಾಕೆ ಯಜಮಾನ್ರೇ?"

"ದೃಷ್ಟಿ ಆಗ್ದಿರ್ಲಿ ಅಂತ."

"ಅರ್ಧಕ್ಕೆ ಮಾತ್ರ ಆಗುತ್ತಾ ದೃಷ್ಟಿ?" ಎನ್ನುತ್ತಾ ಬೊಟ್ಟಿನ ಕಾಯಿ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರು ತುಳುಕಿತು. "ಎಷ್ಟು ತಿಂಗಳಾಯ್ತು ಅಟ್ಟಕ್ಕೆ ಹಾಕಿ?"

"ಹತ್ತು."

"ಹತ್ತು ತಿಂಗಳಾದ್ರೆ ನೀರು ಇಂಗಿ ಒಳಗೆ ಕೊಬ್ಬರಿ ಗಿಟುಕು ಲೊಟಲೊಟ ಅನ್ಬೇಕಲ್ವಾ? ನಾನೂ ಶೆಟ್ಟಿಕೆರೆಯೋನೇ ಕಣ್ರೀ. ನಮ್ಮನೇಲೂ ಅಟ್ಟ ಐತೆ."

ಅಷ್ಟರಲ್ಲಿ ನಡುವಿನ ತೊಲೆ ಲಟಾರ್ ಎಂದು ಸೀಳಿತು. ನಾವಿಬ್ಬರೂ ಜಂತೆ ಹಿಡಿದು ನಿಂತೆವು. ಒಂದು ಇಪ್ಪತ್ತು ಮೂವತ್ತು ಕಾಯಿ ಅಡುಗೆಮನೆಗೆ ಉರುಳಿ, ಒಂದು ನೇರವಾಗಿ ಸಾರಿನ ಪಾತ್ರೆಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಶಿವ ದೊಡ್ಡವನು. ನಿನ್ನ ಅಮ್ಮ ಮೈಮೇಲೆಲ್ಲ ಸಾರು ಹಾರಿಸಿಕೊಂಡು ಹೊರಗೆ ಬಂದಳು. ಸರ್ವೇಯರ್ ಎದುರಿಗೇ ಶುರು ಮಾಡಿದಳು. "ಐದು ಸಾವ್ರ ಹೊತ್ಕಂಡು ಈ ತೊಲೆ ಮೂವತ್ತು ವರ್ಷದಿಂದ ಸುಮ್ನಿತ್ತು. ನಿಮ್ ಬಾಯಿ ಭಾರ ಯಾವ್ ತೊಲೆ ತಡೀತದೆ ಹೇಳ್ರಿ?"

ಶ್ರೀರಂಗಯ್ಯ ಪುಸ್ತಕ ಮುಚ್ಚಿ ಪೆನ್ನು ಜೇಬಿಗಿಟ್ಟರು. "ನಾನೇನೂ ಬರ್ಕಂಡಿಲ್ಲ ಯಜಮಾನ್ರೇ. ಬೀಗರಿಗೆ ನೀವೇ ಬರೀರಿ" ಎಂದು ಹೇಳಿ, ಕಾಫಿ ಕುಡಿದು ಹೋದರು.

ನಿನ್ನೆಯಿಂದ ಊಟ ಸೇರುತ್ತಿಲ್ಲ. ತೊಲೆಯನ್ನು ಬೇಕಾದರೆ ಬದಲಾಯಿಸಬಹುದು. ನಾಳೆ ನಿನ್ನ ಮಾವನವರು ಒಂದು ಮಾತು ಅಂದು, ನೀನು ಅದನ್ನು ನುಂಗಿಕೊಂಡು ಕೂತರೆ ನಾನು ಏನು ಮಾಡಲಿ? ಕ್ಷಮಿಸು ಮಗಳೇ. ನಿನ್ನ ಮಾತು ಕೇಳಬೇಕಾಗಿತ್ತು.

ಅಪ್ಪಾಜಿ

*

ಬಿಳಿಗೆರೆ
1 ನವೆಂಬರ್ 1999

ಮಾನ್ಯ ಬೀಗರಾದ ಕರಿಬಸವಯ್ಯನವರಿಗೆ.

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯ ಸಲ ಗಿರಿಜಾ ಎದುರಿಗೆ ಕೂತಿದ್ದಾಳೆ, ಹರಿಯುವಂತಿಲ್ಲ.

ನಮ್ಮ ಅಟ್ಟದಲ್ಲಿರುವುದು ಐದು ಸಾವಿರದ ನೂರಿಪ್ಪತ್ತು ಕಾಯಿ. ನಾನು ಮಾರಿಲ್ಲ, ಇಲಿಯೂ ತಿಂದಿಲ್ಲ. ಹನ್ನೆರಡು ಸಾವಿರ ಯಾವತ್ತೂ ಇರಲೇ ಇಲ್ಲ. ಮಾತುಕತೆಯ ದಿನ ನಿಮ್ಮ ತಾರಸಿ ಮನೆಯ ಮುಂದೆ ನನ್ನ ಹೆಂಚಿನ ಮನೆ ಸಣ್ಣದಾಗಿ ಕಂಡಿತು. ಅದಕ್ಕೆ ಹೇಳಿದ್ದು.

ಸುಳ್ಳು ನನ್ನದು. ಇಂಪನಾಗೂ ಇದಕ್ಕೂ ಸಂಬಂಧವಿಲ್ಲ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಬಿಳಿಗೆರೆಗೇ ಬಂದು ಬೈಯಿರಿ, ಊಟ ಹಾಕಿ ಬೈಸಿಕೊಳ್ಳುತ್ತೇನೆ. ಅವಳನ್ನು ಒಂದು ಮಾತೂ ಅನ್ನಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ತೋಂಟದಾರ್ಯ

*

ತುರುವೇಕೆರೆ
8 ನವೆಂಬರ್ 1999

ಪ್ರಿಯ ಬೀಗರೇ,

ಅಬ್ಬ, ಕೊನೆಗೂ ಬರೆದಿರಿ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಆ ಏಳು ಸಾವಿರಕ್ಕೆ ಇನ್ನೇನು ಕಾರಣ ಕೊಡಬೇಕೆಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ಮಾರಾಟ ಆಯಿತು, ಇಲಿ ಆಯಿತು, ಕೋತಿಯ ವಿಷಯ ಬರೆಯಲು ಪೆನ್ನು ಹಿಡಿದಿದ್ದೆ.

ನನಗೆ ಮೊದಲಿನಿಂದಲೂ ಗೊತ್ತಿತ್ತು. ಮಾತುಕತೆಯ ದಿನ ಊಟ ಮುಗಿಸಿ ಕೈತೊಳೆಯಲು ನಿಮ್ಮ ಹಿತ್ತಲಿಗೆ ಹೋದೆ. ಇಂಪನಾ ಚೊಂಬಿನಿಂದ ನೀರು ಹಾಕಿದಳು. ಸುಮ್ಮನೆ ಮಾತಿಗೆಂದು, "ಏನವ್ವ, ಹನ್ನೆರಡು ಸಾವಿರ ಕಾಯಿ ಎಣಿಸೋಕೆ ಬೇಜಾರಾಗಲ್ವಾ?" ಎಂದೆ. ಅವಳು ಪಡಸಾಲೆಯ ಕಡೆ ಒಮ್ಮೆ ನೋಡಿ, "ಐದು ಸಾವಿರ ಅಷ್ಟೇ. ನಾನು ಹೇಳ್ದೆ ಅಂತ ಅಪ್ಪಾಜಿಗೆ ಹೇಳ್ಬೇಡಿ, ನೊಂದ್ಕೋತಾರೆ" ಎಂದಳು.

ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಅಪ್ಪನ ಮೇಲೆ ಪ್ರೀತಿಯಿದ್ದೂ ಲೆಕ್ಕ ತಪ್ಪು ಹೇಳದ ಮಕ್ಕಳು ಎಷ್ಟು ಕಡಿಮೆ ಎಂದು ನನಗೆ ಗೊತ್ತು. ಕೈ ಒರೆಸಿಕೊಂಡು ಪಡಸಾಲೆಗೆ ಬರುವಷ್ಟರಲ್ಲಿ ನಮ್ಮ ಮನೆಗೆ ಇದೇ ಹುಡುಗಿ ಬರಬೇಕೆಂದು ತೀರ್ಮಾನ ಮಾಡಿದ್ದೆ. ನೀವು ನೋಯಬಾರದೆಂದು ನಾವಿಬ್ಬರೂ ಅವತ್ತಿನಿಂದ ಬಾಯಿ ಬಿಟ್ಟಿಲ್ಲ.

ನಿಮ್ಮ ಹನ್ನೆರಡು ಸಾವಿರದ ಫಾರಂ ಕಂಪನಿಗೆ ಹೋಗಲೇ ಇಲ್ಲ, ನನ್ನ ಮೇಜಿನ ಡ್ರಾಯರಿನಲ್ಲಿದೆ. ಶ್ರೀರಂಗಯ್ಯ ನನ್ನ ಹಳೆಯ ವಿದ್ಯಾರ್ಥಿ. ಅವನನ್ನು ಕಳಿಸಿದ್ದು ಕಂಪನಿಯಲ್ಲ, ನಾನು. ಸುಮ್ಮನೆ ನೋಡಿ, 'ಉಳಿದದ್ದು ಮಾರಿರಬೇಕು' ಎಂದು ತಾನೇ ಹೇಳಿ ನಿಮ್ಮ ದಾರಿ ಸಲೀಸು ಮಾಡಿ ಬಾ ಎಂದಿದ್ದೆ. ನೀವು ಬೇರೆಯವರ ಬೊಟ್ಟಿನ ಕಾಯಿ ತಂದು ತೊಲೆ ಮುರಿಯುತ್ತೀರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತಪ್ಪು ನನ್ನದೂ ಇದೆ. ತೊಲೆ ಕೆಲಸಕ್ಕೆ ಜ್ಞಾನೇಶ ಭಾನುವಾರ ಬರುತ್ತಾನೆ. ನೆಗಡಿ ವಾಸಿಯಾಗಿದೆ.

ಇನ್ನು ನನ್ನ ತಾರಸಿಯ ವಿಷಯ. ತಾರಸಿ ಇರುವುದು ಮುಂದಿನ ಒಂದು ಕೋಣೆಗೆ ಮಾತ್ರ. ಹಿಂದೆಲ್ಲ ತಗಡಿನ ಶೀಟು, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ನಾಲ್ಕು ವರ್ಷದಿಂದ ನೀವು ಬಂದಾಗಲೆಲ್ಲ ಮುಂದಿನ ಕೋಣೆಯಲ್ಲೇ ಎಲೆ ಹಾಕಿದ್ದನ್ನು ನೀವು ಗಮನಿಸಲಿಲ್ಲವೇ? ನಿಮ್ಮ ಮಗಳು ಇದನ್ನೂ ನಿಮಗೆ ಹೇಳಿಲ್ಲ.

ಖಾಲಿ ಫಾರಂ ಇನ್ನೊಂದು ಇಟ್ಟಿದ್ದೇನೆ.

ನಿಮ್ಮ
ಕರಿಬಸವಯ್ಯ

*

ಬಿಳಿಗೆರೆ
20 ನವೆಂಬರ್ 1999

ಪ್ರಿಯ ಬೀಗರೇ,

ನಿಮ್ಮ ಪತ್ರವನ್ನು ಗಿರಿಜಾ ಗಟ್ಟಿಯಾಗಿ ಓದಿದಳು. ಕೋತಿಯ ವಿಷಯ ಬಂದಾಗ ನಕ್ಕಳು, ಚೊಂಬಿನ ವಿಷಯ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹಸುವಿಗೆ ಹುಲ್ಲು ತರುತ್ತೇನೆಂದು ತೋಟದ ಅಂಚಿಗೆ ಹೋಗಿ ಸ್ವಲ್ಪ ಹೊತ್ತು ಬಣವೆಯ ಹಿಂದೆ ಕೂತು ಬಂದೆ. ಬಣವೆ ದೂರ ಹಾಕಿದ್ದು ಒಳ್ಳೆಯದೇ ಆಯಿತು.

ಜ್ಞಾನೇಶ ಹೊಸ ತೊಲೆ ಕೂರಿಸಿಕೊಟ್ಟ. ಈರಣ್ಣ ತನ್ನ ಕಾಯಿ ಎಣಿಸಿಕೊಂಡು ಹೋದ. ಒಂದು ಕಡಿಮೆ ಬಂತೆಂದು ಜಗಳಕ್ಕೆ ಬಂದ, ಅದು ಸಾರಿಗೆ ಬಿದ್ದ ಕಾಯಿ. ಮುಂದಿನ ಸಲ ನಾವು ಬಂದಾಗ ಹಿಂದಿನ ಶೀಟಿನ ಮನೆಯಲ್ಲೇ ಎಲೆ ಹಾಕಿಸಿ. ಮಳೆ ಬಂದರೂ ಪರವಾಗಿಲ್ಲ.

ಫಾರಂ ತುಂಬಿ ಕಳಿಸಿದ್ದೇನೆ. ಗೋಡೆ ಮಣ್ಣಿನದು, ಒಲೆ ಅಟ್ಟದ ಕೆಳಗಿದೆ, ಕಾಯಿ ಐದು ಸಾವಿರದ ನೂರಿಪ್ಪತ್ತು. ಹೋದ ಸಲ ಖಾಲಿ ಬಿಟ್ಟಿದ್ದ 'ಬೆಲೆಬಾಳುವ ವಸ್ತುಗಳು' ಕಾಲಮನ್ನೂ ಈ ಸಲ ತುಂಬಿದ್ದೇನೆ. 'ಇದ್ದದ್ದು ಒಂದೇ. ನಾಲ್ಕು ವರ್ಷದ ಹಿಂದೆ ತುರುವೇಕೆರೆಗೆ ಕೊಟ್ಟಾಗಿದೆ' ಎಂದು ಬರೆದೆ.

"ಮಗಳನ್ನ ಸಾಮಾನಿನ ಪಟ್ಟಿಗೆ ಸೇರಿಸ್ತೀರಲ್ರೀ!" ಎಂದು ಗಿರಿಜಾ ಬೈದಳು. ಆದರೆ ಅಳಿಸಲು ಅವಳೂ ಬಿಡಲಿಲ್ಲ. ಅದರ ಪ್ರೀಮಿಯಂ ಎಷ್ಟಾದರೂ ನೀವೇ ಕಟ್ಟಬೇಕು ಬೀಗರೇ. ಈಗ ಅದು ಇರುವುದು ನಿಮ್ಮ ಮನೆಯಲ್ಲಿ.

ನಿಮ್ಮವನೇ ಆದ
ತೋಂಟದಾರ್ಯ